ಲೈಟಣ್ಣನ ಕೊನೇ ಸಾಲು

ಇಷ್ಟೆಲ್ಲ ರಗಳೆಗೆ ಮೂಲ ಒಂದೇ ಒಂದು ಮಾತು. ಹಿಂದಿನ ವರ್ಷ ರಜೆಯ ದೀಪದಾಟ ಮುಗಿದ ಮೇಲೆ ಲೈಟಣ್ಣ ಬೆವರು ಒರೆಸಿಕೊಳ್ಳುತ್ತಾ ಕೋಣೆಯಿಂದ ಹೊರಗೆ ಬಂದಾಗ ಅವನ ಹೆಂಡತಿ ಅಂದಿದ್ದಳು: "ಚೆನ್ನಾಗಿತ್ತು ರೀ. ಪಕ್ಕದಲ್ಲಿ ನೀವೂ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು." ಜಗಳದ ಮಾತಾಗಿದ್ದರೆ ಏನಾದರೂ ಉತ್ತರ ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಇದು ಜಗಳದ ಮಾತಲ್ಲ. ಹಾಗಾಗಿ ಪೂರ್ತಿ ಒಂದು ವರ್ಷ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತು.

ಲೈಟಣ್ಣ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವುದು ಅವನ ಕೆಲಸ. ವರ್ಷದ ಕೊನೆಯ ರಜೆ ಹತ್ತಿರ ಬಂತೆಂದರೆ ಮಾತ್ರ ಅವನು ಬೀದಿಗೆಲ್ಲ ಲೈಟಣ್ಣ. ಇದ್ದದ್ದು ಎದುರುಬದುರು ನಾಲ್ಕಾರು ಮನೆಗಳ ಸಣ್ಣ ಬೀದಿ. ಮನೆಮನೆಗೂ ದೀಪದ ಸರ ಕಟ್ಟಿ, ಅವುಗಳ ತಂತಿಯನ್ನೆಲ್ಲ ಎಳೆದು ತಂದು ತನ್ನ ಕೋಣೆಯ ಪೆಟ್ಟಿಗೆಗೆ ಸಿಕ್ಕಿಸಿ, ಕಂಪ್ಯೂಟರಿನಿಂದ ಸಂಗೀತದ ತಾಳಕ್ಕೆ ತಕ್ಕ ಹಾಗೆ ಕುಣಿಸುತ್ತಿದ್ದ. ಪರದೆಯ ಮೇಲೆ ಒಂದೊಂದು ಸರಕ್ಕೂ ಒಂದೊಂದು ಸಾಲು. ಅದಕ್ಕೆ ಚಾನೆಲ್ ಅನ್ನುತ್ತಾರೆ. ಸಾಲಿನಲ್ಲಿ ಬಣ್ಣ ತುಂಬಿದ ಕಡೆ ದೀಪ ಹತ್ತುತ್ತದೆ, ಖಾಲಿ ಬಿಟ್ಟ ಕಡೆ ಆರುತ್ತದೆ. ಆದರೆ ಸಾಲುಗಳಿಗೆ ಹೆಸರು ಬರೆದಿರಲಿಲ್ಲ. ಯಾವುದು ಯಾರ ಮನೆ ಅನ್ನುವುದು ಅವನ ತಲೆಯಲ್ಲಿ ಮಾತ್ರ ಇತ್ತು. ನಡುವೆ ಏನಾದರೂ ಕೆಟ್ಟರೆ ಸರಿಮಾಡಲು ಅವನೇ ಬೇಕು. ಹೀಗಾಗಿ ಬೀದಿಯೆಲ್ಲ ದೀಪ ನೋಡುವಾಗ ಆ ದೀಪ ಕಟ್ಟಿದವನು ಕೋಣೆಯ ಗೋಡೆ ನೋಡುತ್ತಾ ಕೂತಿರುತ್ತಿದ್ದ.

ಈ ಸಲ ಮಾತ್ರ ಗಟ್ಟಿ ಮನಸ್ಸು ಮಾಡಿದ್ದ. ಕೋಣೆಯಲ್ಲಿ ಬಾಮೈದ ಕೂರುತ್ತಾನೆ. ತಾನು ಬೀದಿಯಲ್ಲಿ ಹೆಂಡತಿಯ ಪಕ್ಕ ನಿಲ್ಲುತ್ತಾನೆ. ಬಾಮೈದನಿಗೆ ಅರ್ಥವಾಗಲಿ ಎಂದು ಬೆಳಿಗ್ಗೆಯೇ ಸಾಲುಗಳನ್ನು ಒಪ್ಪ ಮಾಡಿ ಹೆಸರು ಬರೆದ. ಮೊದಲನೆಯದು ಹಲ್ಲಿನ ಡಾಕ್ಟರ ಮನೆ. ಅವರ ದೀಪ ಅವರ ಹಾಗೆಯೇ ಗಂಭೀರವಾಗಿ ನಿಧಾನ ಹತ್ತಿ ನಿಧಾನ ಆರುತ್ತದೆ. ಎರಡನೆಯದು ದರ್ಜಿಯ ಮನೆ. ಅದು ಹೊಲಿಗೆ ಯಂತ್ರದ ಸೂಜಿಯ ಹಾಗೆ ಒಂದೇ ಸಮ ಟಕಟಕ. ಮೂರನೆಯದು ಬೇಕರಿ. ನಾಲ್ಕನೆಯದು ಪಕ್ಕದ ಮನೆಯ ಟೀಚರಮ್ಮನ ಗೇಟು. ಅಲ್ಲಿರುವುದು ಒಂದೇ ಪುಟ್ಟ ಸರ. ಆಟ ಶುರುವಾದಾಗ ಹತ್ತಿದರೆ ಮುಗಿಯುವಾಗ ಆರುತ್ತದೆ, ಅಷ್ಟೇ.

ಐದನೆಯ ಸಾಲು ಗುಟ್ಟಿನದು. ತನ್ನ ಮನೆಯ ಅಡುಗೆಮನೆ ಕಿಟಕಿಗೆ ಅವನು ಹಳದಿ ಬಣ್ಣದ ಸರವೊಂದನ್ನು ಕಟ್ಟಿದ್ದ. ಹೆಂಡತಿ ಕೇಳಿದಾಗ "ಹಳೇದು, ಇಡೋಕೆ ಜಾಗ ಇಲ್ಲ" ಎಂದು ತೇಲಿಸಿದ್ದ. ಆಟವೆಲ್ಲ ಮುಗಿದು ಬೀದಿ ಕತ್ತಲಾದ ಮೇಲೆ ಆ ಸರವೊಂದೇ ನಿಧಾನವಾಗಿ ಬೆಳಗಬೇಕು. ಇಷ್ಟು ವರ್ಷ ಒಬ್ಬಳೇ ನಿಂತು ನೋಡಿದವಳಿಗೆ ಅದು ಅವನ ಮಾತಿಲ್ಲದ ಕ್ಷಮಾಪಣೆ. ಬಾಯಲ್ಲಿ ಹೇಳಲು ಬಾರದ ಗಂಡಸರು ಹೀಗೆ ತಂತಿ ಎಳೆಯುತ್ತಾರೆ.

ಹೆಸರು ಬರೆದು ಮುಗಿಸುವಷ್ಟರಲ್ಲಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ದರ್ಜಿ ಒಳಗೆ ಬಂದ.

"ಎಷ್ಟೊತ್ತಿಗೆ ಶುರು ಲೈಟಣ್ಣ?" ಎಂದವನ ಕಣ್ಣು ಪರದೆಗೆ ಅಂಟಿತು. "ಇದೇನು, ಡಾಕ್ಟರು ಮೇಲೆ, ನಾವು ಕೆಳಗಾ?"

"ಅಯ್ಯೋ, ಅದು ಬರೀ ಪರದೆ ಮೇಲಿನ ಸಾಲು ಮಾರಾಯ. ಮೇಲಿದ್ರೂ ಕೆಳಗಿದ್ರೂ ದೀಪ ಒಂದೇ ಥರ ಹತ್ತುತ್ತೆ."

"ಅದು ನಿಂಗೆ ಗೊತ್ತು. ನೋಡಿದೋರಿಗೆ?"

"ಯಾರು ನೋಡ್ತಾರೆ ಇದನ್ನ?"

"ಈಗ ನಾನು ನೋಡಿದ್ನಲ್ಲ."

ಲೈಟಣ್ಣನಿಗೆ ಇಲ್ಲ ಅನ್ನಲು ನಾಲಿಗೆ ಹೊರಳುವುದಿಲ್ಲ. ಸಾಲನ್ನೇ ಎತ್ತಿ ಮೇಲಿಡಲು ಹೋದರೆ ಹಳೇ ಕಂಪ್ಯೂಟರು ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಅದಕ್ಕೇ ಸುಲಭದ ದಾರಿ ಹಿಡಿದ. ಸಾಲುಗಳನ್ನು ಮುಟ್ಟದೆ ಹೆಸರು ಮಾತ್ರ ಅಳಿಸಿ, ಮೊದಲನೆಯದರಲ್ಲಿ 'ದರ್ಜಿ', ಎರಡನೆಯದರಲ್ಲಿ 'ಡಾಕ್ಟರು' ಎಂದು ಬರೆದ. ಹೆಸರಿನಲ್ಲೇನಿದೆ, ತಂತಿ ಇದ್ದಲ್ಲೇ ಇದೆಯಲ್ಲ. ಸಂಜೆಯೊಳಗೆ ಮತ್ತೆ ತಿದ್ದಿದರಾಯಿತು ಅಂದುಕೊಂಡ.

ದರ್ಜಿ ತೃಪ್ತನಾಗಿ ಹೋದವನು ಸುಮ್ಮನೆ ಮನೆಗೆ ಹೋಗಲಿಲ್ಲ ಅನ್ನುವುದು ಸ್ವಲ್ಪ ಹೊತ್ತಿಗೇ ಡಾಕ್ಟರು ಬಂದಾಗ ತಿಳಿಯಿತು. ಯಾರನ್ನು ಕಂಡರೂ ಮೊದಲು ಹಲ್ಲು ನೋಡಿ ಆಮೇಲೆ ಮುಖ ನೋಡುವ ಮನುಷ್ಯ. ಈ ಸಲ ನೇರ ಪರದೆಯನ್ನೇ ನೋಡಿದರು.

"ಜಾಗದ ಮೇಲೆಲ್ಲ ನನಗೆ ಆಸೆ ಇಲ್ಲಪ್ಪ. ಎರಡನೇದಾದ್ರೇನು, ಹತ್ತನೇದಾದ್ರೇನು."

"ದೊಡ್ಡ ಮನಸ್ಸು ಸಾರ್ ನಿಮ್ದು."

"ಅಕ್ಷರ ಮಾತ್ರ ಸ್ವಲ್ಪ ದಪ್ಪ ಮಾಡು. ಹಾಂ, ಇನ್ನೂ ಸ್ವಲ್ಪ."

ಅವರು ಹೋದ ಮೇಲೆ ಬೇಕರಿಯಮ್ಮ ಹಿಟ್ಟಿನ ಕೈಯಲ್ಲೇ ಬಂದಳು. "ಮೂರನೇದಂತೆ ನಮ್ದು? ವರ್ಷಾ ವರ್ಷಾ ನಿಮಗೆ ಬಿಸಿಬಿಸಿ ಬನ್ನು ಕಳಿಸೋರು ಯಾರು, ಡಾಕ್ಟರಾ?" ಲೈಟಣ್ಣ ಅಷ್ಟೊತ್ತಿಗೆ ಪಳಗಿದ್ದ. "ನಟ್ಟನಡುವೆ ಇದೀರಿ ನೋಡಿ ಅಕ್ಕ. ಮೇಲೆ ಇಬ್ಬರು, ಕೆಳಗೆ ಇಬ್ಬರು ನಿಮ್ಮನ್ನ ಹೊತ್ಕೊಂಡಿದಾರೆ." ಅವಳು ಪರದೆಯನ್ನು ಮತ್ತೊಮ್ಮೆ ನೋಡಿ, ಅದಕ್ಕೆ ಹಿಟ್ಟಿನ ಬೆರಳಿನ ಗುರುತು ಒತ್ತಿ ಹೋದಳು.

ಕಡೆಗೆ ಬಂದದ್ದು ಟೀಚರಮ್ಮ. ಬೀದಿಯ ಅರ್ಧಕ್ಕರ್ಧ ಜನಕ್ಕೆ ಅಕ್ಷರ ಕಲಿಸಿದವರು, ಈಗ ಒಂಟಿಯಾಗಿದ್ದಾರೆ. ಅವರನ್ನು ಕಂಡರೆ ಎಲ್ಲರಿಗೂ ಗೌರವ, ಆದರೆ ಗೇಟು ದಾಟಿ ಒಳಗೆ ಹೋಗಿ ಹೇಗಿದ್ದೀರಿ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

"ಎಲ್ಲಾರೂ ಬಂದು ಹೋದ್ರಂತೆ. ನಂದೆಲ್ಲಿದೆಯೋ?"

"ಇಲ್ಲಿ ನಾಲ್ಕನೇದು ಟೀಚರ್. ಮೇಲೆ ಹಾಕ್ಲಾ?"

"ಬೇಡ, ಕೊನೇಲಿ ಹಾಕು. ಆಯುಷ್ಯವೆಲ್ಲ ಕ್ಲಾಸಿನ ಮುಂದೆ ನಿಂತು ಸಾಕಾಗಿದೆ ಕಣೋ. ಒಂದ್ಸಲ ಹಿಂದಿನ ಬೆಂಚಲ್ಲಿ ಕೂರೋ ಆಸೆ."

ಕೊನೆಯದು ಹೆಂಡತಿಯದು. ಲೈಟಣ್ಣ ತಡವರಿಸಿದ. ಟೀಚರಮ್ಮ ಹಳೇ ದನಿಯಲ್ಲಿ "ಬರೀ ಅಂದೆ" ಅಂದರು. ಕೈ ತಾನಾಗಿ ಬರೆಯಿತು. ಐದನೆಯ ಸಾಲಿನಲ್ಲಿ 'ಟೀಚರಮ್ಮ', ನಾಲ್ಕನೆಯದರಲ್ಲಿ 'ಅಡುಗೆಮನೆ ಕಿಟಕಿ'.

ಅವರು ಗೇಟು ದಾಟುವುದನ್ನೇ ಕಾದು ಎಲ್ಲವನ್ನೂ ತಿದ್ದೋಣ ಎಂದು ಕೈ ಹಾಕುವಷ್ಟರಲ್ಲಿ ಅಂಗಡಿಯಿಂದ ಫೋನು. ಯಾರೋ ಗಿರಾಕಿ ತನ್ನ ಕನ್ನಡಕದ ಮೇಲೆ ತಾನೇ ಕೂತಿದ್ದಾನೆ, ಸಂಜೆ ಊರಿಗೆ ಹೊರಡಬೇಕಂತೆ, ಗಾಜು ಕೂರಿಸಲು ಬೇರೆ ಯಾರಿಗೂ ಬರುವುದಿಲ್ಲ. ಲೈಟಣ್ಣ ಚಪ್ಪಲಿ ಮೆಟ್ಟಿಕೊಂಡು ಓಡಿದ. ದಾರಿಯಲ್ಲೇ ಬಾಮೈದನಿಗೆ ಫೋನು ಮಾಡಿ, "ನೀನು ಸ್ವಲ್ಪ ಮುಂಚೆ ಬಂದು ಎಲ್ಲಾ ಒಂದ್ಸಲ ಹತ್ತಿಸಿ ನೋಡಿರು" ಅಂದ.

ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಇನ್ನೊಬ್ಬ ಗಿರಾಕಿ ಜೊತೆಯಾಗಿ, ಲೈಟಣ್ಣ ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಬೀದಿಯಲ್ಲಿ ಆಗಲೇ ಜನ ಸೇರಿದ್ದರು. ಹೆಂಡತಿ ಹೊಸ ಶಾಲು ಹೊದ್ದು ಗೇಟಿನ ಹತ್ತಿರ ನಿಂತಿದ್ದಳು. ಅವನು ಕೋಣೆಯ ಕಡೆ ತಿರುಗಿದ್ದೇ ತಡ, ಬಾಮೈದ ಬಾಗಿಲಿಗೆ ಅಡ್ಡ ನಿಂತ.

"ಎಲ್ಲಾ ನಾನು ಸರಿಮಾಡಿಟ್ಟಿದೀನಿ ಭಾವ. ಅಕ್ಕ ಕಾಯ್ತಿದಾಳೆ, ನೀವು ನಡೀರಿ."

"ಒಂದೆರಡು ಹೆಸರು ತಿದ್ದೋದಿತ್ತು."

"ಈಗ ಒಳಗೆ ಹೋದ್ರೆ ನೀವು ಹೊರಗೆ ಬರಲ್ಲ ರೀ. ನಂಗೊತ್ತಿಲ್ವಾ?" ಅಂದಳು ಹೆಂಡತಿ.

ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. ಹೆಸರು ತಪ್ಪಿದರೇನಂತೆ, ತಂತಿ ಸರಿಯಿದೆಯಲ್ಲ ಎಂದುಕೊಂಡು ಲೈಟಣ್ಣ ಅವಳ ಪಕ್ಕ ಹೋಗಿ ನಿಂತ. "ಕೊನೇವರೆಗೂ ನೋಡು," ಅಂದ. "ಕೊನೇದು ಮುಖ್ಯ." ಅವಳು ಅವನ ಕೈ ಹಿಡಿದುಕೊಂಡಳು.

ಸಂಗೀತ ಶುರುವಾಯಿತು. ಡಾಕ್ಟರ ಮನೆ ಹುಚ್ಚು ಹಿಡಿದ ಹಾಗೆ ಟಕಟಕ ಕುಣಿಯತೊಡಗಿತು. ಎದುರುಗಡೆ ದರ್ಜಿಯ ಮನೆ ಪರಮ ಗಾಂಭೀರ್ಯದಿಂದ ಹತ್ತಿ, ಯೋಚಿಸಿ, ಆರಿತು.

ಅಷ್ಟರಲ್ಲಿ ಆಟ ಶುರುಮಾಡಿಟ್ಟ ಬಾಮೈದ ಕೈ ಉಜ್ಜಿಕೊಳ್ಳುತ್ತಾ ಹಿಂದೆ ಬಂದು ಪಿಸುಗುಟ್ಟಿದ: "ನೋಡಿದ್ರಾ ಭಾವ? ದರ್ಜಿ ಅಂತ ಬರೆದಿರೋ ಸಾಲು ಒತ್ತಿದ್ರೆ ಡಾಕ್ಟರ ಮನೆ ಹತ್ತುತ್ತಿತ್ತು. ಟೀಚರಮ್ಮ ಅಂತ ಒತ್ತಿದ್ರೆ ನಿಮ್ಮ ಅಡುಗೆಮನೆ. ತಂತಿ ಎಲ್ಲಾ ತಪ್ಪು ಸಿಕ್ಕಿಸಿದ್ರಿ ನೀವು. ಹೆಸರು ನೋಡ್ಕೊಂಡು ಒಂದೊಂದೇ ಕಿತ್ತು ಸರಿಯಾಗಿ ಹಾಕಿದೀನಿ. ಅಕ್ಕನಿಗೆ ಹೇಳಲ್ಲ ಬಿಡಿ."

ಲೈಟಣ್ಣನ ಕಾಲು ಕೋಣೆಯ ಕಡೆ ಹೊರಟಿತು. ಹೆಂಡತಿ ಕೈ ಬಿಡಲಿಲ್ಲ. ಅವಳು ನಗುತ್ತಿದ್ದಳು. ಬೀದಿಯೇ ನಗುತ್ತಿತ್ತು. ಡಾಕ್ಟರು ತಮ್ಮ ಮನೆ ಕುಣಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅವರ ಹಲ್ಲು ಬೀದಿಯವರಿಗೆ ಕಂಡದ್ದು ಅವತ್ತೇ ಮೊದಲು. ದರ್ಜಿ ಎದೆ ಸೆಟೆಸಿ, "ಮೊದಲನೇ ಸಾಲು ಅಂದ್ರೆ ಅದರ ಘನತೆಯೇ ಬೇರೆ," ಎಂದು ಪಕ್ಕದವರಿಗೆ ವಿವರಿಸುತ್ತಿದ್ದ. ಲೈಟಣ್ಣ ಓಡಲೂ ಆರದೆ, ನಿಲ್ಲಲೂ ಆರದೆ, ಇಷ್ಟು ವರ್ಷದಲ್ಲಿ ಮೊದಲ ಸಲ ತನ್ನ ದೀಪದಾಟ ನೋಡಿದ. ಅದರಲ್ಲಿ ಅವನು ಮಾಡಿದ ಹಾಗಿದ್ದದ್ದು ಬೇಕರಿಯೊಂದೇ.

ಸಂಗೀತ ನಿಂತಿತು. ಬೀದಿ ಕತ್ತಲಾಯಿತು. ಜನ ಹೊರಡಲು ಕಾಲು ಎತ್ತಿದರು. ಆಗ ಟೀಚರಮ್ಮನ ಗೇಟಿನ ಸರ ನಿಧಾನವಾಗಿ, ಬಹಳ ನಿಧಾನವಾಗಿ ಬೆಳಗಿತು.

ಗೇಟಿನ ಹಿಂದೆ ಕುರ್ಚಿ ಹಾಕಿಕೊಂಡು ಅವರೊಬ್ಬರೇ ಕೂತಿದ್ದರು. ಕತ್ತಲಲ್ಲಿ ಯಾರೂ ಗಮನಿಸಿರಲಿಲ್ಲ. ಈಗ ಇಡೀ ಬೀದಿಯಲ್ಲಿ ಕಾಣುತ್ತಿದ್ದದ್ದು ಅವರ ಮುಖವೊಂದೇ. ಅವರು ಗಡಿಬಿಡಿಯಲ್ಲಿ ಎದ್ದು ಕೂದಲು ಸರಿಮಾಡಿಕೊಂಡರು, ಕನ್ನಡಕ ತೆಗೆದು ಒರೆಸಿಕೊಂಡರು. "ನನಗಾ?" ಎಂದು ಕೇಳಿದರು. ದರ್ಜಿ ಮೆಲ್ಲನೆ ಹೋಗಿ ಗೇಟು ತೆಗೆದ. ಅವನ ಹಿಂದೆ ಡಾಕ್ಟರು, ಬೇಕರಿಯಮ್ಮ, ಎಲ್ಲರೂ ಒಬ್ಬೊಬ್ಬರಾಗಿ ಒಳಗೆ ಹೋದರು.

ಲೈಟಣ್ಣನ ಹೆಂಡತಿ ಕಣ್ಣು ಒರೆಸಿಕೊಂಡಳು. "ಕೊನೇದು ಮುಖ್ಯ ಅಂದ್ರಲ್ಲ, ಅದು ನನಗೋಸ್ಕರ ಏನೋ ಇರ್ಬೇಕು ಅಂದ್ಕೊಂಡಿದ್ದೆ ರೀ. ಎಷ್ಟು ಸಣ್ಣ ಬುದ್ಧಿ ನೋಡಿ ನಂದು."

"ಅದು ನಿನಗೋಸ್ಕರಾನೇ ಕಣೇ," ಅಂದ ಲೈಟಣ್ಣ. "ದೇವರಾಣೆ. ನಮ್ಮ ಅಡುಗೆಮನೆ ಕಿಟಕೀಲಿ ಬರಬೇಕಿತ್ತು."

ಅವಳು ಅವನನ್ನು ಪ್ರೀತಿಯಿಂದಲೇ ನೋಡಿದಳು. "ನನಗೆ ಬೇಜಾರಾಗಬಾರದು ಅಂತ ಹೇಳ್ತಿದೀರಿ ಅಲ್ವಾ?"

"ಬಾ, ತೋರಿಸ್ತೀನಿ." ಅವನು ಅವಳನ್ನು ಕೋಣೆಗೆ ಎಳೆದುಕೊಂಡೇ ಹೋಗಿ ಕೊನೆಯ ಸಾಲಿಗೆ ಬೆರಳಿಟ್ಟ. ಬೆರಳಿನ ಪಕ್ಕದಲ್ಲಿ ಅವನೇ ಬರೆದದ್ದು ಕಾಣುತ್ತಿತ್ತು: 'ಟೀಚರಮ್ಮ'.

"ಸುಳ್ಳು ಹೇಳಿದ್ರೂ ನಂಬೋ ಹಾಗಿರಬೇಕು ರೀ," ಎಂದು ಅವಳು ನಕ್ಕಳು. "ಇಂಥ ಮನಸ್ಸಿರೋ ಗಂಡ ಸಿಕ್ಕಿರುವಾಗ ನನಗ್ಯಾಕೆ ಬೇರೆ ದೀಪ? ಅಂದ ಹಾಗೆ ಆ ಕಿಟಕಿ ಸರ ಆರಿಸೋದು ಮರೆತಿದ್ರಾ? ಆಟ ಮುಗಿಯೋವರೆಗೂ ಸುಮ್ಮನೆ ಉರೀತಿತ್ತು, ಕರೆಂಟು ದಂಡ."

ಲೈಟಣ್ಣ ಕುರ್ಚಿಯ ಮೇಲೆ ಕುಸಿದ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ದರ್ಜಿ ನಿಂತಿದ್ದ, ಅವನ ಭುಜದ ಮೇಲಿಂದ ಡಾಕ್ಟರು ಇಣುಕುತ್ತಿದ್ದರು, ಹಿಂದೆ ಬೇಕರಿಯಮ್ಮ.

"ಲೈಟಣ್ಣ, ಮುಂದಿನ ವರ್ಷ ನಮ್ಮನ್ನ ಕೊನೇ ಸಾಲಿಗೆ ಹಾಕಿಬಿಡು," ಅಂದ ದರ್ಜಿ.

"ನಾನು ಮೊದಲೇ ಹೇಳಿದ್ದೆ, ಹತ್ತನೇದಾದ್ರೂ ಪರವಾಗಿಲ್ಲ ಅಂತ," ಅಂದರು ಡಾಕ್ಟರು.

"ನಡುವಿನದು ಯಾರಿಗೆ ಬೇಕು? ಕೊನೇದು ನಂಗೆ," ಅಂದಳು ಬೇಕರಿಯಮ್ಮ.

"ಭಾವನೇ ಮಷೀನ್ ಮುಂದೆ ಕೂರಲಿ ಹಾಗಿದ್ರೆ," ಅಂದ ಬಾಮೈದ. "ಇದೆಲ್ಲ ನಮ್ಮ ಕೈಲಿ ಆಗೋ ಕೆಲಸ ಅಲ್ಲ."

ಲೈಟಣ್ಣ ಹೆಂಡತಿಯ ಮುಖ ನೋಡಿದ. ಅವಳು ಸ್ವಲ್ಪ ಯೋಚಿಸಿ, ಬೇರೆಯವರಿಗೆ ಕೇಳದ ಹಾಗೆ ಬಗ್ಗಿ ಹೇಳಿದಳು: "ಎಲ್ಲಾರೂ ಕೊನೇದು ಕೇಳ್ತಿದಾರೆ, ನೀವು ನಿಷ್ಠುರ ಆಗ್ಬೇಡಿ. ನಮ್ಮನೇದನ್ನ ಮೊದಲನೇ ಸಾಲಿಗೆ ಹಾಕ್ಕೊಳ್ಳಿ. ಹೇಗೂ ಖಾಲಿ ಬಿದ್ದಿದೆ."