ನಲವತ್ತು ಮನೆಯ ಕರೆ

ಕಂಪ್ಯೂಟರನ್ನು ಕಣ್ಣಿಂದಲೂ ನೋಡದೆ ಅದಕ್ಕೆ ಬುದ್ಧಿ ಹೇಳಿದ ಭೂಪ ನಮ್ಮ ಸೋದರಮಾವ! ಅರವತ್ತರ ದಶಕದಲ್ಲಿ ಶಿವಮೊಗ್ಗದ ಕಾಲೇಜೊಂದರಲ್ಲಿ ಗಣಿತದ ಮೇಷ್ಟರು. ಯಾವ ಕೆಲಸವನ್ನು ಯಂತ್ರ ಎಷ್ಟು ಹೆಜ್ಜೆಯಲ್ಲಿ ಮುಗಿಸೀತು ಎಂಬುದೊಂದೇ ಅವರ ಚಿಂತೆ. ಕೂತಲ್ಲಿ ಕೂರುವವರಲ್ಲ. ಪಾಠ ಮಾಡುತ್ತಲೂ ಶತಪಥ, ಊಟದ ನಡುವೆಯೂ ಶತಪಥ.

ಊರಲ್ಲಿ ಯಂತ್ರ ಎಲ್ಲಿಂದ ಬರಬೇಕು? ಅತ್ತೆಯನ್ನೇ ಯಂತ್ರ ಮಾಡಿದರು. "ನೀನು ಯೋಚನೆ ಮಾಡಬಾರ್ದು, ಚೀಟೀಲಿ ಇದ್ದಷ್ಟೇ ಮಾಡು" ಎಂದು ಕಾಫಿಯ ಚೀಟಿ ಕೊಟ್ಟರು. ಹಾಲು ಉಕ್ಕಿ ಒಲೆಯೆಲ್ಲ ತೊಯ್ದರೂ ಅತ್ತೆ ಕದಲಲಿಲ್ಲ.

"ಇಳಿಸು ಅಂತ ನೀವು ಬರ್ದಿಲ್ವಲ್ಲ."

ಮಾವನಿಗೆ ಪರಮಾನಂದ. ಅದನ್ನೇ ಹಿಡಿದು ಎಂಟು ಪುಟ ಬರೆದರು. ಕಾಫಿ ಮಾತ್ರ ಯಾರಿಗೂ ಸಿಗಲಿಲ್ಲ.

ಇಂಥವರ ಕೈಗೆ ನಮ್ಮೂರು ಭದ್ರಾವತಿಯಲ್ಲಿ ನನ್ನ ಮದುವೆಗೆ ಕರೆಯುವ ಕೆಲಸ ಬಿತ್ತು. ಅಪ್ಪ ತೀರಿಕೊಂಡಿದ್ದರು. ಅಮ್ಮ ಕುಂಕುಮ ಹಿಡಿದು ಹೋಗುವ ಹಾಗಿಲ್ಲದ ಕಾಲ. ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯದಿದ್ದರೆ ನಮ್ಮವರು ಬರುವುದುಂಟೇ? ಹಳೇಪೇಟೆ, ಹೊಳೆಯಾಚೆ, ಕಾರ್ಖಾನೆಯ ಕ್ವಾರ್ಟರ್ಸ್ ಎಲ್ಲ ಸೇರಿ ನಲವತ್ತು ಮನೆ. ಮಾವ ಊರಿನ ನಕ್ಷೆ ಬರೆದುಕೊಂಡು, ಎಲ್ಲ ಮನೆ ಸುತ್ತಿ ಬರಲು ಅತಿ ಹತ್ತಿರದ ದಾರಿ ಹುಡುಕುತ್ತಾ ಜಗಲಿಯಲ್ಲಿ ಓಡಾಡತೊಡಗಿದರು. ಅತ್ತೆ ಮೂರು ದಿನ ಬೆಳಗ್ಗೆ ರೇಷ್ಮೆ ಸೀರೆ ಉಟ್ಟು ಕಾದು, ಸಂಜೆ ಬಿಚ್ಚಿ ಮಡಚಿಟ್ಟರು.

"ಮಾವ, ನಾಳಿದ್ದೇ ಮದುವೆ. ಯಾವ್ದೋ ಒಂದು ದಾರೀಲಿ ಹೊರಡಿ."

"ಇರು ಮಾರಾಯ್ತಿ, ಒಂದೊಂದೇ ದಾರಿ ನೋಡ್ತಾ ಹೋದ್ರೆ ನಿನ್ನ ಮೊಮ್ಮಕ್ಕಳ ಮದುವೆಗೂ ಮುಗಿಯಲ್ಲ. ಅದಕ್ಕೊಂದು ಉಪಾಯ ಹುಡುಕ್ತಿದೀನಿ."

ನನಗೆ ತಡೆಯಲಾಗಲಿಲ್ಲ. ಖಾಲಿ ಚಪ್ಪರದಲ್ಲಿ ಅಮ್ಮ ಒಬ್ಬಳೇ ನಿಂತಂತೆ ಕಂಡು ಅಳು ಬಂತು. "ಅಪ್ಪ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಎಂದುಬಿಟ್ಟೆ.

ಮಾವನ ಓಡಾಟ ನಿಂತಿತು. ಲಗ್ನಪತ್ರಿಕೆಗಳ ಕಟ್ಟು ಎತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಿಗಿಳಿದರು. ಅತ್ತೆ ಕುಂಕುಮದ ಬಟ್ಟಲು ಹಿಡಿದು ಹಿಂದೆಯೇ ಓಡಿದರು.

ಮದುವೆಯ ದಿನ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ನಲವತ್ತು ಮನೆಯ ಲೆಕ್ಕಕ್ಕೆ ಮಾವ ಮುಂದೆ ಕಂಡುಕೊಂಡ ಉಪಾಯ ವಿದೇಶದ ಗಣಿತ ಪತ್ರಿಕೆಯಲ್ಲಿ ಅಚ್ಚಾಗಿ, ಅವರಿಗೆ ದೊಡ್ಡ ಸಂಸ್ಥೆಯಿಂದ ಕರೆ ಬಂದದ್ದೂ ನಿಜ. ನನಗೆ ಮಾತ್ರ ನೆನಪಿರುವುದು ಅಂದು ನಮಸ್ಕಾರಕ್ಕೆ ಬಗ್ಗಿದಾಗ ಕಂಡ ಅವರ ಪಾದಗಳು. ಬೊಬ್ಬೆಯೆದ್ದು ಒಡೆದಿದ್ದವು.

"ಯಾವ ದಾರೀಲಿ ಹೋದ್ರಿ ಮಾವ?"

"ಗೊತ್ತಿಲ್ಲ ಕಣೇ. ಸೇತುವೇನೇ ಏಳೆಂಟು ಸಲ ದಾಟಿರಬೇಕು. ನೀನು ಅಳ್ತಿದ್ದೆ, ಲೆಕ್ಕ ತಲೆಗೇ ಬರ್ಲಿಲ್ಲ."

ಆ ಕಾಲು ಬಿಟ್ಟು ಏಳಲು ನನಗೆ ಮನಸ್ಸೇ ಆಗಲಿಲ್ಲ.