ನುಚ್ಚು ಬಂದ್ ಮಾಡಿದ ದಾಲ್ ಮಿಲ್ಲು

ಆಳಂದದಾಗಿನ ನಮ್ಮ ತೊಗರಿ ದಾಲ್ ಮಿಲ್ಲಿನಾಗ ಮಿಷಿನ್ ನಿಂತ್ರೂ ಫಜೀತಿ ನಿಲ್ಲೂದಿಲ್ಲ. ಈ ವರ್ಷ ಮಾಲಕರು ಪುಣೆಯಿಂದ ಒಬ್ಬ ಸಾಹೇಬರನ್ನ ಕರೆಸಿದ್ರು. ‘ಲೀನ್’ ಅಂತ ಹೊಸ ಪದ್ಧತಿ. ಹೆಜ್ಜಿ, ಹೊತ್ತು, ಮಾಲು, ಯಾವುದೂ ದಂಡ ಆಗಬಾರದು.

“ವೇಸ್ಟ್ ಕಡಿಮಿ ಆಗಲಿಲ್ಲಂದ್ರ ದೀಪಾವಳಿಗೆ ನಿಮ್ಮ ಜಾಗಾದಾಗ ನಮ್ಮ ಅಳಿಯ ಬರ್ತಾನ ನೋಡ್ರಿ” ಅಂತ ಮಾಲಕರು ನನ್ನ ಮುಖಕ್ಕೇ ಹೇಳಿದ್ರು. ಸೂಪರ್‌ವೈಜರ್ ನಾನು.

೧. ಚಹಾ

“ಹಮಾಲರು ಚಹಾಕ್ಕ ರಸ್ತೆ ದಾಟಿ ಹೋಗೂದು ದಂಡದ ಓಡಾಟ. ಚಹಾದಂಗಡಿನೇ ಒಳಗ ತರ್ರಿ” ಅಂದ್ರು ಸಾಹೇಬರು. ತಂದೆವು. ಓಡಾಟ ಖರೇನ ನಿಂತಿತು. ಚೀಲ ಹೊರೂದೂ ನಿಂತಿತು. ಎಲ್ಲಾರೂ ಅಂಗಡಿ ಮುಂದ ಕುಂತುಬಿಟ್ಟಿದ್ರು.

“ಏನ್ರಪ್ಪಾ ಇದು?” ಅಂದ್ರ ಹಿರೇ ಹಮಾಲ ಬಶಿಯಾಗ ಚಹಾ ಸುರಕೊಂತ ಅಂದ: “ಅಡ್ಡಾಡಬ್ಯಾಡ್ರಿ ಅಂದವರು ನೀವೇ ಅಲ್ರಿ?”

೨. ಗ್ವಾಡಿ ಮ್ಯಾಲಿನ ಪಾನಾ

ಆಮ್ಯಾಲ ಸಾಹೇಬರು, ಗ್ವಾಡಿ ಮ್ಯಾಲ ನಟ್ಟು ಬಿಗಿಯೂ ಒಂದೊಂದು ಪಾನಾದ್ದೂ ಬರೇ ಗೆರಿ ಬರೆಸ್ರಿ, ಅದರ ಮ್ಯಾಲ ಪಾನಾ ತೂಗಹಾಕ್ರಿ, ಗೆರಿ ಖಾಲಿ ಕಂಡ್ರ ಪಾನಾ ಕಳದಾದ ಅಂತ ತಿಳೀತದ ಅಂದ್ರು. ಜೇವರ್ಗಿಯ ಪೇಂಟರ್ ಬಂದ. ಅವನ ಕೈ ಏನ್ ಕೇಳ್ತೀರಿ! ಗೆರಿ ಒಳಗ ಖರೇ ಪಾನಾದಂಗ ಬಣ್ಣ, ಹೊಳಪು, ತುಕ್ಕು ಸುದ್ದಾ ಬರೆದು ಹೋದ. ಖರೇ ಪಾನಾ ಕಳುವಾಗಿ ಎಷ್ಟು ದಿನ ಆಗಿತ್ತೋ, ನಾನು ತಗೊಳ್ಳಾಕ ಹೋಗಿ ಗ್ವಾಡಿಗೆ ಉಗುರು ಮುರಕೊಂಡಾಗ ಗೊತ್ತಾತು.

ಪೇಂಟರ್‌ಗ ಫೋನಿನಾಗ ಬೈದ್ರ, “ಬರೇ ಗೆರಿ ಬಿಟ್ಟು ಬಂದ್ರ ನನ್ನ ಹೆಸರೇನಾಗಬೇಕ್ರಿ?” ಅಂದ.

೩. ನುಚ್ಚು

ಬ್ಯಾಳಿ ಒಡಿಯುವಾಗ ಬೀಳೂ ನುಚ್ಚೇ ನಮ್ಮ ದೊಡ್ಡ ವೇಸ್ಟು. ನಾನು ಹಟ ಹಿಡಿದು ರೋಲರ್ ತಿದ್ದಿ ತಿದ್ದಿ ನುಚ್ಚು ಬೀಳೂದೇ ಬಂದ್ ಮಾಡಿದೆ. ಸಾಹೇಬರು ಚಪ್ಪಾಳಿ ಹೊಡೆದ್ರು. ಭಾಳ ಖುಷಿ ಆತು ನನಗ, ಸುಳ್ಳ್ಯಾಕ ಹೇಳ್ಲಿ.

ವಾರದಾಗ ಮಾಲಕರ ಅವ್ವ ಆಟೋದಿಂದ ಇಳಿದು ಸೀದಾ ಆಫೀಸಿಗೆ ಬಂದ್ರು.

“ಲೇ, ನುಚ್ಚು ಯಾಕ ಕಳಸವಲ್ಲಿ?”

ಮಾಲಕರು ಎದಿ ಉಬ್ಬಿಸಿ, “ಅವ್ವಾ, ಮಿಲ್ಲಿನಾಗ ಈಗ ವೇಸ್ಟೇ ಇಲ್ಲ!” ಅಂದ್ರು.

“ಆ ವೇಸ್ಟ್ ತಿಂದೇ ನಮ್ಮ ಎಮ್ಮಿ ಹಾಲು ಕೊಡತಿತ್ತು. ಈಗ ಹತ್ರ ಹೋದ್ರ ಒದಿಯಾಕತ್ಯಾದ. ನಾಳಿಂದ ನೀನೇ ಹಿಂಡು, ಬಾ!”

ಮಾಲಕರ ಮುಖ ಸಣ್ಣದಾತು. ಅವ್ವ ಹೋದಮ್ಯಾಲ ನನ್ನ ಬಾಜೂಕ ಕರೆದು, ಸಾಹೇಬರಿಗೆ ಕೇಳಿಸದಂಗ ಅಂದ್ರು: “ದಿನಾ ಒಂದು ಬುಟ್ಟಿ ನುಚ್ಚು ಬೀಳೂವಷ್ಟೇ ಮಿಷಿನ್ ಕೆಡಸ್ರಿ. ನಿಮ್ಮ ಜಾಗಾ ನಿಮಗೇ ಇರ್ಲಿ. ಅಳಿಯಗ ಹೇಳಿದ್ರ ಪೂರಾ ಮಿಲ್ಲೇ ಕೆಡಿಸ್ತಾನ!”