ವರಸೆ ಕೆಡಿಸಿದ ಪೆಟ್ಟಿಗೆ

"ಅತ್ತಿಗೆ, ಇದು ಬರೀ ಹೆಸರು ಬರ್ಕೊಳ್ಳೋ ಯಂತ್ರ ಅಲ್ಲ! ತರ್ಕ ಮಾಡುತ್ತೆ!"

ನನ್ನ ಮೈದುನ ವಾಮದೇವ ಟೆಲಿಫೋನ್ ಇಲಾಖೆಯಿಂದ ನಿವೃತ್ತನಾದ ಮೇಲೆ ಹೀಗೆ ಏನಾದರೊಂದು ಕಟ್ಟುತ್ತಲೇ ಇರುತ್ತಾನೆ. ಆದರೆ ಈ ಮಾತಾಡುವ ಪೆಟ್ಟಿಗೆಯನ್ನು ನನ್ನ ಮಗಳು ಮಂದಾರಳ ನಿಶ್ಚಿತಾರ್ಥದ ದಿನವೇ ತರಬೇಕೇ! ಎರಡು ಸಂಬಂಧ ತಪ್ಪಿಹೋಗಿ ಇದು ಮೂರನೆಯದು.

"ಮಂದಾರ ಇವರ ಮಗಳು. ನಾನು ಇವರ ಮೈದುನ," ಎಂದ ಪೆಟ್ಟಿಗೆಗೆ.

"ಹಾಗಾದರೆ ವಾಮದೇವ ಮಂದಾರಳ ಚಿಕ್ಕಪ್ಪ," ಎಂದಿತು ಪೆಟ್ಟಿಗೆ. ಪರದೆಯ ಮೇಲೆ ಮೂರು ಹೆಸರು, ನಡುವೆ ಗೆರೆಗಳು.

"ನೋಡಿದ್ರಾ! ಯಾರು ಯಾರನ್ನ ಏನಂತ ಕರೀತಾರೋ ಕೇಳಿಸ್ಕೊಂಡು ಮಿಕ್ಕಿದ್ದನ್ನ ತಾನೇ ತಿಳ್ಕೊಳ್ಳುತ್ತೆ. ಬಂದ ನೆಂಟರಿಗೆ ಯಾರು ಯಾರು ಅಂತ ಗೊಂದಲವೇ ಇಲ್ಲ!"

ಬೀಗರು ಬಂದರು. ನನ್ನ ಗಂಡ ಅವರನ್ನು ಕೂರಿಸಿ ಊಟದ ಏರ್ಪಾಡಿಗೆ ಒಳಗೆ ಹೋದರು. ವರ ನಂದೀಶ, ಅವನ ಅಣ್ಣ ಚಂದ್ರಮೌಳಿ, ತಾಯಿ ಸರ್ವಮಂಗಳಮ್ಮ, ಗಂಟುಮುಖದ ದೊಡ್ಡಪ್ಪ. ಎಲ್ಲರ ಹೆಸರೂ ಪರದೆ ಮೇಲೆ ಬಂತು. ಮಂದಾರ ತಟ್ಟೆ ಹಿಡಿದು ಬಂದಳು.

"ಅಣ್ಣ, ಪಾನಕ ತಗೊಳ್ಳಿ," ಎಂದಳು ಚಂದ್ರಮೌಳಿಗೆ.

ಕೆಂಪು ದೀಪ ಹತ್ತಿ ಕುಂಯ್ಯೋ ಎಂದು ಸೈರನ್ ಕೂಗಿತು! "ಚಂದ್ರಮೌಳಿ ಮಂದಾರಳ ಅಣ್ಣ. ನಂದೀಶ ಚಂದ್ರಮೌಳಿಯ ತಮ್ಮ. ವಧೂವರರು ಒಡಹುಟ್ಟಿದವರು! ವರಸೆ ಇಲ್ಲ!"

ದೊಡ್ಡಪ್ಪ ಲೋಟ ಕೆಳಗಿಟ್ಟರು. "ಏನಮ್ಮಾ ಇದು? ನಮ್ಮ ಹತ್ತಿರ ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಮಂದಾರ ತಟ್ಟೆ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದಳು.

"ಹೆದರಬೇಡ ನನ್ನ ತಾಯಿ," ಎಂದರು ಸರ್ವಮಂಗಳಮ್ಮ, ಪಾಪ.

"ಮಂದಾರ ಸರ್ವಮಂಗಳಮ್ಮನವರ ತಾಯಿ," ಎಂದಿತು ಪೆಟ್ಟಿಗೆ. "ವಧು ವರನ ಅಜ್ಜಿ!"

"ವಾಮದೇವಾ, ಆರಿಸೋ ಅದನ್ನ!" ಎಂದು ಕಿರುಚಿದೆ.

ವಯರ್ ಕಿತ್ತ. ಒಳಗೆ ಬ್ಯಾಟರಿ ಇತ್ತು! ಪೆಟ್ಟಿಗೆಯ ಮುಂದೆ ಕೈಮುಗಿದ. "ಸುಮ್ನಿರೋ ನಮ್ಮಪ್ಪಾ!"

"ಬರೆದುಕೊಂಡೆ. ನಾನು ವಾಮದೇವನ ತಂದೆ."

ದೊಡ್ಡಪ್ಪ ಎದ್ದು ಚಪ್ಪಲಿ ಹುಡುಕತೊಡಗಿದರು. ಮೂರನೆಯದೂ ಹೋಯಿತು ಎಂದು ನಾನು ಗೋಡೆಗೆ ಒರಗಿದೆ. ಆಗ ಮಂದಾರ ತಟ್ಟೆಯನ್ನು ಠಪ್ಪನೆ ಇಟ್ಟು ಪೆಟ್ಟಿಗೆಯ ಎದುರು ನಿಂತಳು. ಇಡೀ ಬೀದಿಗೆ ಕೇಳುವ ಹಾಗೆ, "ಭಾವಾ! ಚಂದ್ರಮೌಳಿ ಭಾವಾ! ಪಾನಕ ಕುಡೀರಿ!" ಎಂದಳು.

ಸೈರನ್ ನಿಂತಿತು. ಪೆಟ್ಟಿಗೆ ಗುರುಗುಟ್ಟಿತು. "ಚಂದ್ರಮೌಳಿ ಭಾವ. ಹಾಗಾದರೆ ಅವನ ತಮ್ಮ ನಂದೀಶ ಗಂಡ. ಮದುವೆ ಆಗಲೇ ಆಗಿದೆ!"

ನಂದೀಶ ಕಿವಿಯವರೆಗೂ ಕೆಂಪಾದ. ದೊಡ್ಡಪ್ಪ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಆಗೇಹೋಗಿದ್ರೆ ನಾನ್ಯಾಕೆ ಎದ್ದು ಹೋಗ್ಲಿ? ತಟ್ಟೆ ಬದಲಾಯಿಸ್ರಪ್ಪಾ!"

ಪೆಟ್ಟಿಗೆಗೆ ಮಾತ್ರ ಸಮಾಧಾನವಿಲ್ಲ. ತಂಗಿಯೂ ಹೌದು, ಹೆಂಡತಿಯೂ ಹೌದು, ಅಜ್ಜಿಯೂ ಹೌದು ಎಂದ ಮೇಲೆ ಅದು ಯಾವುದನ್ನು ಅಲ್ಲ ಅನ್ನಬೇಕು? ಎಲ್ಲರಿಂದ ಎಲ್ಲರಿಗೂ ಗೆರೆ ಎಳೆಯುತ್ತಾ ಹೋಯಿತು. ಪರದೆ ಕಾಡಿಗೆಯಂತೆ ಕಪ್ಪಾಯಿತು.

"ಇಲ್ಲಿರುವ ಎಲ್ಲರೂ ಎಲ್ಲರಿಗೂ ಬೀಗರು," ಎಂದು ಸಾರಿ ಹೊಗೆ ಬಿಟ್ಟು ಸುಮ್ಮನಾಯಿತು.

ಸುಳ್ಳಲ್ಲ. ಅಂದಿನ ಊಟದಲ್ಲಿ ಬೀಗರ ಗತ್ತಿನಲ್ಲಿ, ಸಾರಿಗೆ ಉಪ್ಪು ಕಮ್ಮಿ ಎಂದು ಮೊದಲು ಕೊಂಕು ತೆಗೆದವರು ನನ್ನ ಗಂಡ.